ದಿನವನ್ನು ಹಿಡಿದಿಟ್ಟ ಲಕೋಟೆ

ದೀಪಾವಳಿಗೆ ಮುನ್ನ ಮನೆಯನ್ನು ಗುಡಿಸಿ ಸಾರಿಸಿ ಒಪ್ಪಗೊಳಿಸುವುದು ನಮ್ಮಲ್ಲಿ ರೂಢಿ. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ ವರ್ಷಕ್ಕೊಮ್ಮೆ ಕೆಳಗಿಳಿಯುವುದು ಆಗಲೇ. ಅದರೊಳಗೆ ಮದುವೆಯ ಲಗ್ನಪತ್ರಿಕೆಗಳು, ಕಂದಾಯದ ರಸೀದಿಗಳು, ತಾತನವರ ಕನ್ನಡಕದ ಗೂಡು, ದಾರ ಕಟ್ಟಿದ ಕಾಗದಗಳ ಕಟ್ಟು. ಕಟ್ಟು ಬಿಚ್ಚಿದೊಡನೆ ಮನೆಯ ಮಕ್ಕಳು ಲಕೋಟೆಗಳ ಸುತ್ತ ಕುಳಿತು, ಬಣ್ಣಬಣ್ಣದ ಅಂಚೆಚೀಟಿಗಳನ್ನು ಕತ್ತರಿಸಿ, ನೀರಿನಲ್ಲಿ ನೆನೆಸಿ, ಬಿಡಿಸಿಕೊಂಡು, ಉಳಿದ ಲಕೋಟೆಗಳನ್ನು ಬಚ್ಚಲಿನ ಒಲೆಗೆ ಹಾಕುತ್ತಾರೆ. ಹಿರಿಯರೂ ಇದನ್ನು ಕಂಡು, ಮಕ್ಕಳಿಗೆ ಒಳ್ಳೆಯ ಹವ್ಯಾಸ ಹತ್ತಿತೆಂದು ಸಂತೋಷಪಡುತ್ತಾರೆ.

ಆದರೆ ಈ ವಿದ್ಯೆಯನ್ನು ಬಲ್ಲ ಸಂಗ್ರಾಹಕನೊಬ್ಬನು ಅಲ್ಲಿದ್ದರೆ, ಆ ಒಲೆಯ ಮುಂದೆ ನಿಂತು ಎದೆ ಹಿಡಿದುಕೊಂಡಾನು. ಏಕೆಂದರೆ ಅಂಚೆಚೀಟಿಯನ್ನು ಸರಕಾರ ಲಕ್ಷಗಟ್ಟಲೆ ಅಚ್ಚು ಹಾಕಿಸುತ್ತದೆ. ಇಂದು ಕಳೆದುಕೊಂಡದ್ದನ್ನು ನಾಳೆ ಬೇರೆಡೆ ಕೊಳ್ಳಬಹುದು. ಅದರ ಮೇಲೆ ಅರ್ಧ, ಲಕೋಟೆಯ ಮೇಲೆ ಅರ್ಧ ಬಿದ್ದಿರುವ ಕಪ್ಪು ಮುದ್ರೆಯ ಕಥೆ ಬೇರೆ. ಯಾವ ಊರು, ಯಾವ ದಿನ ಎಂಬುದನ್ನು ಆ ದುಂಡನೆಯ ಗುರುತು ಒಂದೇ ಒಂದು ಸಲ ಹೇಳುತ್ತದೆ. ಕತ್ತರಿ ಅದರ ನಡುವೆ ಹಾಯ್ದರೆ ಸಾಕ್ಷಿ ಮೂಕವಾಗುತ್ತದೆ.

ಈ ಮಾತಿನ ಅರ್ಥವನ್ನು ಚೆನ್ನಾಗಿ ತಿಳಿದುಕೊಂಡವರು, ಆಟೋಟಗಳ ಇತಿಹಾಸವನ್ನು ಲಕೋಟೆಗಳ ಮೂಲಕ ಕೂಡಿಡುವ ಹವ್ಯಾಸಿಗಳು. ಚೀಟಿಯೊಂದನ್ನೇ ಅಲ್ಲದೆ, ಚೀಟಿ, ಮುದ್ರೆ, ವಿಳಾಸ, ಚಿತ್ರ ಇವೆಲ್ಲ ಸೇರಿದ ಇಡೀ ಲಕೋಟೆಯನ್ನು ಕಾಪಾಡುವುದು ಇವರ ಪದ್ಧತಿ.

ಮೂರು ಬಗೆಯ ಲಕೋಟೆಗಳು

ಈ ಲಕೋಟೆಗಳನ್ನು ಮುಖ್ಯವಾಗಿ ಮೂರು ಬಗೆಯೆಂದು ಹೇಳಬಹುದು. ಹೊಸ ಅಂಚೆಚೀಟಿ ಹೊರಬಂದ ದಿನವೇ ಅದನ್ನು ಅಂಟಿಸಿ, ಅದಕ್ಕೆಂದೇ ಕೆತ್ತಿಸಿದ ಮುದ್ರೆಯನ್ನು ಒತ್ತಿದ್ದು ಪ್ರಥಮ ದಿನದ ಲಕೋಟೆ. ಹೊಸ ಚೀಟಿ ಇಲ್ಲದಿದ್ದರೂ, ಒಂದು ಉತ್ಸವ, ಒಂದು ಸಂಸ್ಥೆ ಅಥವಾ ಒಂದು ಪಂದ್ಯದ ನೆನಪಿಗಾಗಿ ಅಂಚೆ ಇಲಾಖೆ ಚಿತ್ರ ಹಾಕಿಸಿ, ವಿಶೇಷ ಮುದ್ರೆಯೊಡನೆ ಹೊರಡಿಸಿದ್ದು ವಿಶೇಷ ಲಕೋಟೆ. ಇವೆರಡೂ ಇಲಾಖೆಯ ಕೈಯಿಂದ ಬಂದವು.

ಮೂರನೆಯದು ಜನರ ಕೈಯಿಂದ ಹುಟ್ಟಿದ್ದು. ಒಂದು ದೊಡ್ಡ ಘಟನೆ ನಡೆದ ದಿನ, ಅದು ನಡೆದ ಊರಿನಲ್ಲಿಯೇ, ಸಾಧಾರಣ ಲಕೋಟೆಗೆ ಸಾಧಾರಣ ಚೀಟಿ ಹಚ್ಚಿ, ಊರಿನ ಸಾಧಾರಣ ಮುದ್ರೆಯನ್ನೇ ಒತ್ತಿಸಿಕೊಂಡದ್ದು ಇದು. ಇದರಲ್ಲಿ ಬೆಲೆಬಾಳುವ ವಸ್ತು ಯಾವುದೂ ಇಲ್ಲ. ದಿನವೇ ಅದರ ಬೆಲೆ.

ಅಮೆರಿಕದ ಚೆಂಡಾಟ

ಈ ಮೂರನೆಯ ಬಗೆಯನ್ನು ಒಂದು ಕಲೆಯ ಮಟ್ಟಕ್ಕೆ ಏರಿಸಿದವರಲ್ಲಿ ಅಮೆರಿಕದ ಬೇಸ್‌ಬಾಲ್ ಪ್ರಿಯರು ಮುಂದಾಳುಗಳು. ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ದೂರದ ನೆಂಟ. ಅಲ್ಲಿ ಚೆಂಡು ನೆಲಕ್ಕೆ ಪುಟಿಯದೆ ನೇರವಾಗಿ ಬರುತ್ತದೆ; ಹೊಡೆದವನು ನಾಲ್ಕು ಮೂಲೆಗಳನ್ನು ಸುತ್ತಿ ಹೊರಟಲ್ಲಿಗೆ ಮರಳಿದರೆ ಒಂದು ಓಟ. ನಮ್ಮವರಿಗೆ ಕ್ರಿಕೆಟ್ ಹೇಗೋ ಅಲ್ಲಿಯವರಿಗೆ ಅದು ಹಾಗೆ.

1939ರ ಜೂನ್ 12ರಂದು ನ್ಯೂಯಾರ್ಕ್ ಸಂಸ್ಥಾನದ ಕೂಪರ್ಸ್‌ಟೌನ್ ಎಂಬ ಪುಟ್ಟ ಊರಿನಲ್ಲಿ ಈ ಆಟದ ಕೀರ್ತಿಭವನ ಉದ್ಘಾಟನೆಯಾಯಿತು. ಅದೇ ದಿನ, ಅದೇ ಊರಿನಲ್ಲಿ, ಬೇಸ್‌ಬಾಲಿಗೆ ನೂರು ವರ್ಷ ತುಂಬಿತೆಂದು 3 ಸೆಂಟಿನ ಊದಾ ಬಣ್ಣದ ಅಂಚೆಚೀಟಿಯೂ ಹೊರಬಂದಿತು. ಅದರ ಮೇಲೆ ಹೆಸರಾಂತ ಆಟಗಾರನ ಚಿತ್ರವಿಲ್ಲ. ಹಳ್ಳಿಯ ಬಯಲಿನಲ್ಲಿ ಹುಡುಗರು ಆಡುತ್ತಿರುವ ಚಿತ್ರವಿದೆ. ಕೂಪರ್ಸ್‌ಟೌನಿನ ಆ ದಿನದ ಮುದ್ರೆಯುಳ್ಳ ಲಕೋಟೆಗಳನ್ನು ಇಂದಿಗೂ ಹವ್ಯಾಸಿಗಳು ಆಸೆಯಿಂದ ಅರಸುತ್ತಾರೆ.

ಇಲ್ಲಿ ಒಂದು ಸ್ವಾರಸ್ಯವುಂಟು. 1839ರಲ್ಲಿ ಕೂಪರ್ಸ್‌ಟೌನಿನಲ್ಲಿ ಆಬ್ನರ್ ಡಬಲ್‌ಡೇ ಎಂಬಾತ ಈ ಆಟವನ್ನು ಕಂಡುಹಿಡಿದನೆಂಬ ಕಥೆಯನ್ನು ನಂಬಿ ಆ ಶತಮಾನೋತ್ಸವ ನಡೆಯಿತು. ಆ ಕಥೆಗೆ ಆಧಾರವಿಲ್ಲವೆಂದು ಇತಿಹಾಸಕಾರರು ನಿರ್ಣಯಿಸಿದ್ದಾರೆ. ಎಂದರೆ, ಚೀಟಿ ಕೊಂಡಾಡಿದ ನೂರು ವರ್ಷ ಸುಳ್ಳಾಯಿತು. ಮುದ್ರೆ ಹೇಳಿದ ಒಂದು ದಿನ ಮಾತ್ರ ನಿಜವಾಗಿ ಉಳಿಯಿತು.

ಮುಂದೆ ಹವ್ಯಾಸಿಗಳು ಇಲಾಖೆ ಚೀಟಿ ಹೊರಡಿಸುವವರೆಗೆ ಕಾಯುವುದನ್ನು ಬಿಟ್ಟರು. 1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ ಹ್ಯಾಂಕ್ ಆರನ್ ತನ್ನ 715ನೆಯ ಹೋಂ ರನ್ ಹೊಡೆದು ಬೇಬ್ ರೂತ್‌ನ ದಾಖಲೆಯನ್ನು ಮುರಿದಾಗ, ಅಟ್ಲಾಂಟಾದ ಆ ದಿನದ ಮುದ್ರೆಯೇ ಸ್ಮಾರಕವಾಯಿತು. 1985ರ ಸೆಪ್ಟೆಂಬರ್ 11ರಂದು ಸಿನ್ಸಿನ್ಯಾಟಿಯಲ್ಲಿ ಪೀಟ್ ರೋಸ್ 4,192ನೆಯ ಹೊಡೆತವನ್ನು ಮುಟ್ಟಿದಾಗಲೂ ಹಾಗೆಯೇ. ನಾಲ್ಕು ವರ್ಷಗಳ ಅನಂತರ, ಪಂದ್ಯಗಳ ಮೇಲೆ ಪಣ ಕಟ್ಟಿದ ಕಾರಣದಿಂದ ರೋಸ್ ಆಟದಿಂದಲೇ ಬಹಿಷ್ಕೃತನಾದನು. ಆದರೆ ಸಿನ್ಸಿನ್ಯಾಟಿಯ ಆ ಲಕೋಟೆ ತನ್ನ ಮಾತನ್ನು ಬದಲಿಸಲಿಲ್ಲ. ಅದು ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. ಈ ದಿನ, ಈ ಊರು ಎಂದಷ್ಟೇ ಹೇಳುತ್ತದೆ.

ನಮ್ಮ ದೇಶದ ಸಾಲು

ಭಾರತದಲ್ಲಿ ಆಟೋಟದ ಅಂಚೆಚೀಟಿಗಳ ಸಾಲು ಆರಂಭವಾದದ್ದು 1951ರ ಮಾರ್ಚ್ 4ರಂದು, ದೆಹಲಿಯಲ್ಲಿ ಮೊದಲನೆಯ ಏಷ್ಯನ್ ಕ್ರೀಡಾಕೂಟ ತೊಡಗಿದ ದಿನ. ಅಂದು 2 ಆಣೆ ಮತ್ತು 12 ಆಣೆಗಳ ಎರಡು ಚೀಟಿಗಳು ಹೊರಬಂದವು. ಅವುಗಳ ಮೇಲೆ ಉರಿಯುವ ಪಂಜು, ಏಷ್ಯದ ಭೂಪಟ. ಬ್ಯಾಂಕಾಕಿನ ಐದನೆಯ ಏಷ್ಯನ್ ಕೂಟದಲ್ಲಿ ನಮ್ಮ ಹಾಕಿ ತಂಡ ಚಿನ್ನ ಗೆದ್ದಾಗ, 1966ರ ಡಿಸೆಂಬರ್ 31ರಂದು 15 ಪೈಸೆಯ ಚೀಟಿ ಬಂದಿತು. ಹಾಕಿಯ ಮಾಂತ್ರಿಕ ಧ್ಯಾನ್ ಚಂದರು ತೀರಿಕೊಂಡ ವರ್ಷಕ್ಕೆ ಸರಿಯಾಗಿ, 1980ರ ಡಿಸೆಂಬರ್ 3ರಂದು, ಅವರ ಭಾವಚಿತ್ರದ ಚೀಟಿ ಬಂದಿತು.

ಆದರೆ ಕನ್ನಡಿಗರು ವಿಶೇಷವಾಗಿ ಬೆಲೆ ಕೊಡಬೇಕಾದದ್ದು 1971ರ ಡಿಸೆಂಬರ್ 11ರ ಲಕೋಟೆ. ಆ ವರ್ಷ ಅಜಿತ್ ವಾಡೇಕರರ ನಾಯಕತ್ವದಲ್ಲಿ ಭಾರತ ತಂಡ ಮೊದಲು ವೆಸ್ಟ್ ಇಂಡೀಸಿನಲ್ಲಿ, ಅನಂತರ ಇಂಗ್ಲೆಂಡಿನಲ್ಲಿ ಟೆಸ್ಟ್ ಸರಣಿಗಳನ್ನು ಗೆದ್ದುಕೊಂಡು ಬಂದಿತ್ತು. ಇಂಗ್ಲೆಂಡಿನ ನೆಲದಲ್ಲಿ ಭಾರತ ಟೆಸ್ಟ್ ಪಂದ್ಯವನ್ನು ಗೆದ್ದದ್ದು ಅದೇ ಮೊದಲು. ಓವಲ್ ಮೈದಾನದಲ್ಲಿ ಎರಡನೆಯ ಸರದಿಯಲ್ಲಿ 38 ಓಟಗಳಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡನ್ನು 101ಕ್ಕೆ ಉರುಳಿಸಿದವರು ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರ್. ಬಾಲ್ಯದಲ್ಲಿ ಪೋಲಿಯೋ ತಗುಲಿ ಸೊರಗಿದ್ದ ಬಲಗೈಯೇ ಅವರ ಅಸ್ತ್ರ. ಗೆಲುವಿನ ಬೆನ್ನಟ್ಟುವಾಗ 33 ಓಟಗಳ ತಾಳ್ಮೆಯ ಆಟವಾಡಿದ ಜಿ. ಆರ್. ವಿಶ್ವನಾಥ್ ಹುಟ್ಟಿದ ಊರು, ಚನ್ನಗಿರಿಗೆ ನೆರೆಯ ಭದ್ರಾವತಿ.

ಗೆಲುವು ಬಂದದ್ದು ಆಗಸ್ಟ್ 24ರಂದು, ಗಣೇಶನ ಹಬ್ಬದ ದಿನ. ಈ ಗೆಲುವುಗಳ ಸ್ಮಾರಕವಾಗಿ 20 ಪೈಸೆಯ ಚೀಟಿ ಹೊರಬರುವ ವೇಳೆಗೆ ದೇಶದ ಮನಸ್ಸು ಬೇರೆಡೆಗೆ ಹೊರಳಿತ್ತು. ಡಿಸೆಂಬರ್ 3ರಂದು ಪಾಕಿಸ್ತಾನದೊಡನೆ ಯುದ್ಧ ಹತ್ತಿತ್ತು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ನೆರವಿಗಾಗಿ ನವೆಂಬರ್ 15ರಿಂದ ಲಕೋಟೆಗಳಿಗೆ 5 ಪೈಸೆಯ ಹೆಚ್ಚುವರಿ ಚೀಟಿ ಹಚ್ಚಬೇಕೆಂಬ ನಿಯಮ ಜಾರಿಗೆ ಬಂದಿತ್ತು. 1973ರ ಮಾರ್ಚಿನ ಕೊನೆಯವರೆಗೂ ಅದು ನಡೆಯಿತು.

ಆದ್ದರಿಂದ ಆ ದಿನ ನಿಜವಾಗಿ ಅಂಚೆಯಲ್ಲಿ ಹೊರಟು ಊರೊಂದಕ್ಕೆ ತಲುಪಿದ ಲಕೋಟೆಯ ಮೇಲೆ ಎರಡು ಚೀಟಿಗಳಿರಬೇಕು: ಒಂದರಲ್ಲಿ ಕ್ರಿಕೆಟ್ಟಿನ ಸಂಭ್ರಮ, ಇನ್ನೊಂದರಲ್ಲಿ ನಿರಾಶ್ರಿತರ ಪಾಲಿನ 5 ಪೈಸೆ. ಆಲ್ಬಮ್ಮಿಗೆಂದು ಕೊಂಡು ಇಟ್ಟುಕೊಂಡ ನುಣುಪಾದ ಲಕೋಟೆಗಿಂತ, ವಿಳಾಸ ಬರೆದು ಕಳುಹಿಸಿದ, ಮೂಲೆ ಸವೆದ ಈ ಲಕೋಟೆಯೇ ಇತಿಹಾಸವನ್ನು ತುಂಬಾ ಹೇಳುತ್ತದೆ. ಹಿರಿಯರ ಪೆಟ್ಟಿಗೆಯಲ್ಲಿ ಅಂಥದೊಂದು ಇದ್ದರೆ, ಅದರಿಂದ ಆ ಎರಡು ಚೀಟಿಗಳನ್ನು ಬಿಡಿಸಿ ತೆಗೆಯುವುದು ಒಂದು ಪುಟದಿಂದ ಎರಡು ಅಕ್ಷರಗಳನ್ನು ಕತ್ತರಿಸಿಕೊಂಡು ಪುಟವನ್ನು ಎಸೆದಂತೆ.

ನಾಲ್ಕು ಊರುಗಳ ಮುದ್ರೆ

ಹೀಗೆ ಮುದ್ರೆಯನ್ನು ಓದುವ ವಿದ್ಯೆಗೆ ಬೆಂಗಳೂರು, ದೆಹಲಿಗಳೇ ಬೇಕಾಗಿಲ್ಲ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಮುದ್ರೆಗಳನ್ನು ಮುಂದಿಟ್ಟುಕೊಂಡರೆ ಸಾಕು. ಒಂದು ಪ್ರಾಂತದ ಚರಿತ್ರೆಯೇ ಕಣ್ಣಿಗೆ ಕಟ್ಟುತ್ತದೆ.

ಈ ಊರುಗಳು ಹಿಂದೆ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಮೈಸೂರಿಗೆ ತನ್ನದೇ ಆದ ಅಂಚೆ ಇತ್ತು; ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಹುಟ್ಟಿದ ಆ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ಸೇರಿಹೋಯಿತು. ಹೆಸರು ಮಾತ್ರ ಕನ್ನಡಿಗರ ನಾಲಗೆಯಲ್ಲಿ ಉಳಿಯಿತು. ಹಳಗನ್ನಡದಲ್ಲಿ ಹಂಸಕ್ಕೂ ಅಂಚೆ ಎಂಬ ಹೆಸರುಂಟು. ದಮಯಂತಿಗೆ ನಳನ ಸುದ್ದಿ ತಂದದ್ದೂ ಹಂಸವೇ ಅಲ್ಲವೆ?

ಮುಂದೆ ಬಹುಕಾಲ ಚನ್ನಗಿರಿ ಮತ್ತು ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಒಂದು ಊರಾಗಿತ್ತು. ಜಗಳೂರು ಚಿತ್ರದುರ್ಗ ಜಿಲ್ಲೆಯದು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವೆಂಬ ಹೆಸರು ಪಡೆಯಿತು. 1997ರ ಆಗಸ್ಟ್ 15ರಂದು ದಾವಣಗೆರೆ ಹೊಸ ಜಿಲ್ಲೆಯಾಗಿ ರೂಪುಗೊಂಡಿತು. ಅನಂತರ ನ್ಯಾಮತಿಯೂ ಸ್ವತಂತ್ರ ತಾಲ್ಲೂಕಾಯಿತು. ಊರು ಕದಲಲಿಲ್ಲ, ತುಂಗಭದ್ರೆಯೂ ದಾರಿ ಬದಲಿಸಲಿಲ್ಲ. ವಿಳಾಸ ಮಾತ್ರ ಮತ್ತೆ ಮತ್ತೆ ಬದಲಾಯಿತು. ಆ ಬದಲಾವಣೆಯ ಒಂದೊಂದು ಹೆಜ್ಜೆಯೂ ಲಕೋಟೆಗಳ ಮೇಲೆ ದಾಖಲಾಗಿದೆ.

ಅದರಲ್ಲಿಯೂ ಪಿನ್ ಕೋಡಿನ ಕಥೆ ಬಲು ಚೆಂದ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರಂಕಿಯ ಸಂಖ್ಯೆ ಚನ್ನಗಿರಿಗೆ 577213, ಹೊನ್ನಾಳಿಗೆ 577217, ನ್ಯಾಮತಿಗೆ 577223, ಜಗಳೂರಿಗೆ 577528. ಮೊದಲ ಮೂರು ಊರುಗಳಲ್ಲಿ ಮೊದಲ ನಾಲ್ಕು ಅಂಕಿಗಳು 5772. ಶಿವಮೊಗ್ಗದ ಸಂಖ್ಯೆ 577201; ಅದೂ ಅದೇ ಗುಂಪು. ಜಗಳೂರಿನದು 5775, ಚಿತ್ರದುರ್ಗ 577501. ದಾವಣಗೆರೆಯದೋ 577001. ಎಂದರೆ, ಜಿಲ್ಲೆ ಬದಲಾಗಿ ಕಾಲು ಶತಮಾನಕ್ಕೂ ಮಿಕ್ಕಿ ಕಳೆದರೂ ಪಿನ್ ಕೋಡು ತನ್ನ ಹಳೆಯ ತವರನ್ನು ಮರೆತಿಲ್ಲ. ಗಂಡನ ಮನೆಯಲ್ಲಿ ಬಾಳುತ್ತಿದ್ದರೂ ತವರಿನ ಹೆಸರನ್ನು ಬಿಡದ ಹೆಣ್ಣುಮಗಳಂತೆ ಅದು ಶಿವಮೊಗ್ಗವನ್ನೂ ಚಿತ್ರದುರ್ಗವನ್ನೂ ನೆನೆಯುತ್ತಲೇ ಇದೆ.

ಸುಳ್ಳನ್ನು ಹಿಡಿಯುವ ಬಗೆ

ಯಾವುದಕ್ಕೆ ಬೆಲೆ ಬರುವುದೋ ಅದಕ್ಕೆ ನಕಲಿಯೂ ಹುಟ್ಟುತ್ತದೆ. ಹಳೆಯ ಲಕೋಟೆಯ ಬರಿದಾದ ಎಡಬದಿಯಲ್ಲಿ ಹೊಸದಾಗಿ ಚಿತ್ರ ಅಚ್ಚು ಹಾಕಿ, ಗೆಲುವಿನ ದಿನದ ಸ್ಮಾರಕವೆಂದು ಮಾರುವವರಿದ್ದಾರೆ. ಮುದ್ರೆಯನ್ನೇ ಸೃಷ್ಟಿಸುವವರೂ ಉಂಟು. ಇಂಥವರಿಂದ ಪಾರಾಗಲು ಭೂತಗನ್ನಡಿಗಿಂತ ಹೆಚ್ಚಾಗಿ ಬೇಕಾದದ್ದು ತಾರೀಖುಗಳ ಜ್ಞಾನ.

1972ರ ಆಗಸ್ಟ್ 15ಕ್ಕೆ ಮುಂಚಿನ ತಾರೀಖಿನ ಮುದ್ರೆಯಲ್ಲಿ ಪಿನ್ ಕೋಡು ಕಂಡರೆ ಅದನ್ನು ನಂಬಲಾಗದು. 1997ಕ್ಕೆ ಮುಂಚಿನ ಲಕೋಟೆಯ ಮೇಲೆ ಚನ್ನಗಿರಿಯನ್ನು ದಾವಣಗೆರೆ ಜಿಲ್ಲೆಗೆ ಸೇರಿಸಿ ವಿಳಾಸ ಬರೆದಿದ್ದರೆ ಅಲ್ಲಿಯೂ ಅನುಮಾನಕ್ಕೆ ಎಡೆಯಿದೆ. ಆದರೆ ಇದರ ತಿರುವುಮುರುವು ಸಲ್ಲದು. ಜನ ರೂಢಿಯ ಬಲದಿಂದ ಹಳೆಯ ವಿಳಾಸವನ್ನೇ ಬರೆಯುತ್ತಿರುತ್ತಾರೆ; ಹಳೆಯ ಅಚ್ಚುಗಳೂ ಸವೆಯುವವರೆಗೆ ಬಳಕೆಯಲ್ಲಿರುವುದುಂಟು. ಹೊಸ ಹೆಸರು ಬೇಗ ಬಂದರೆ ಸಂದೇಹ. ಹಳೆಯ ಹೆಸರು ತಡವಾಗಿ ಹೋದರೆ ಸಹಜ.

ಇನ್ನು ವಾರವನ್ನೂ ಗಂಟೆಯನ್ನೂ ನೋಡಬೇಕು. 1983ರ ಜೂನ್ 25ರಂದು ಲಾರ್ಡ್ಸ್ ಮೈದಾನದಲ್ಲಿ ಭಾರತ ವಿಶ್ವಕಪ್ಪನ್ನು ಗೆದ್ದಿತು. ಆ ಪಂದ್ಯಾವಳಿಯಲ್ಲಿ 18 ವಿಕೆಟ್‌ಗಳೊಡನೆ ಎಲ್ಲರಿಗಿಂತ ಮುಂದಿದ್ದವರು ನಮ್ಮ ರಾಜರ್ ಬಿನ್ನಿ. ವಿಕೆಟ್ಟಿನ ಹಿಂದೆ ಸೈಯದ್ ಕಿರ್ಮಾನಿ. ಆದರೆ ಆ ದಿನ ಶನಿವಾರ. ಆಟ ಮುಗಿಯುವ ವೇಳೆಗೆ ನಮ್ಮಲ್ಲಿ ನಡುರಾತ್ರಿಯ ಹೊತ್ತು. ಹೊನ್ನಾಳಿಯ ಅಂಚೆ ಕಚೇರಿಯ ಬಾಗಿಲು ಎಂದೋ ಮುಚ್ಚಿತ್ತು. ಮರುದಿನ ಭಾನುವಾರ. ಗೆಲುವಿನ ಸುದ್ದಿ ತಿಳಿದು, ಲಕೋಟೆ ಹಿಡಿದು ಓಡಿದವನಿಗೆ ಊರಿನ ಮುದ್ರೆ ದೊರೆಯಬಹುದಾಗಿದ್ದದ್ದು ಸೋಮವಾರ, ಜೂನ್ 27ರಂದು. ಆದುದರಿಂದ ನಮ್ಮ ಯಾವುದೋ ಊರಿನ 25ನೆಯ ತಾರೀಖಿನ ಮುದ್ರೆಯ ಪಕ್ಕದಲ್ಲಿ ಕಪ್ಪೆತ್ತಿ ಹಿಡಿದ ನಾಯಕನ ಚಿತ್ರವಿದ್ದರೆ, ಮುದ್ರೆ ಮೊದಲು ಬಿದ್ದು ಚಿತ್ರ ಅನಂತರ ಬಂದಿತೆಂದು ತಿಳಿಯಬೇಕು.

ಅನಿಲ್ ಕುಂಬ್ಳೆ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು 74 ಓಟಗಳಿಗೆ ಕಿತ್ತದ್ದು 1999ರ ಫೆಬ್ರವರಿ 7ರಂದು. ಅದೂ ಭಾನುವಾರವೇ. ರೈಲ್ವೆ ಅಂಚೆಯ ವಿಂಗಡಣೆಯ ಕಚೇರಿಗಳಲ್ಲಿ ರಜಾದಿನಗಳಲ್ಲಿಯೂ ಕೆಲಸ ನಡೆಯುವುದುಂಟು. ತಾಲ್ಲೂಕು ಊರಿನ ಕಚೇರಿಯಲ್ಲಿ ಹಾಗಲ್ಲ. 8ನೆಯ ತಾರೀಖಿನ ಲಕೋಟೆಯನ್ನು ಒಂದು ದಿನ ತಡವಾಯಿತೆಂದು ಹೀಗಳೆಯುವುದು ಅವಿವೇಕ. ತಡವಾದ ನಿಜ, ಹೊತ್ತಿಗೆ ಸರಿಯಾದ ಸುಳ್ಳಿಗಿಂತ ದೊಡ್ಡದು.

ಕೈಯಾರೆ ಮಾಡಿದ ಸ್ಮಾರಕ

ದುಬಾರಿಯ ಲಕೋಟೆಗಳನ್ನು ಕೊಳ್ಳಲು ಎಲ್ಲರಿಗೂ ಅನುಕೂಲವಿರದು. ಅದಕ್ಕೆ ಮಕ್ಕಳು ಮುಖ ಸಪ್ಪಗೆ ಮಾಡಬೇಕಾಗಿಲ್ಲ. ಅಮೆರಿಕದ ಚೆಂಡಾಟದ ಅಭಿಮಾನಿಗಳು ಮಾಡಿದ್ದನ್ನು ಜಗಳೂರಿನ ಶಾಲಾ ಬಾಲಕಿಯೂ ಮಾಡಬಲ್ಲಳು.

2015ರ ಮಾರ್ಚ್ 12ರ ಗುರುವಾರವನ್ನು ನೆನೆಯಿರಿ. ಅಂದು ಮುಂಬಯಿಯ ವಾಂಖೆಡೆ ಮೈದಾನದಲ್ಲಿ ಕರ್ನಾಟಕ ತಂಡ ತಮಿಳುನಾಡನ್ನು ಒಂದು ಸರದಿ ಮತ್ತು 217 ಓಟಗಳಿಂದ ಸೋಲಿಸಿ, ಸತತವಾಗಿ ಎರಡನೆಯ ವರ್ಷವೂ ರಣಜಿ ಟ್ರೋಫಿಯನ್ನು ತನ್ನದಾಗಿಸಿಕೊಂಡಿತು. ಕರುಣ್ ನಾಯರ್ 328 ಓಟಗಳನ್ನು ಗಳಿಸಿದ್ದರು. ಮೊದಲ ಸರದಿಯಲ್ಲಿ 5 ವಿಕೆಟ್ ಕಿತ್ತು, ಬ್ಯಾಟು ಹಿಡಿದಾಗ ಔಟಾಗದೆ 105 ಓಟ ಗಳಿಸಿದ ನಾಯಕ ಆರ್. ವಿನಯ್ ಕುಮಾರ್ ದಾವಣಗೆರೆಯವರು. ಆ ಗುರುವಾರ ಜಿಲ್ಲೆಯ ಅಂಚೆ ಕಚೇರಿಗೆ ಹೋಗಿ, ತನ್ನದೇ ವಿಳಾಸ ಬರೆದ ಲಕೋಟೆಯೊಂದನ್ನು ಯಾರಾದರೂ ಹಾಕಿದ್ದರೆ, ನಾಡಿನ ಗೆಲುವೂ ಊರಿನ ಹೆಸರೂ ಒಂದೇ ಕಾಗದದ ಮೇಲೆ ಸೇರುತ್ತಿದ್ದವು. ಅದಕ್ಕೆ ತಗಲುತ್ತಿದ್ದದ್ದು ಒಂದು ಚೀಟಿಯ ಬೆಲೆ.

ದೊಡ್ಡ ಪಂದ್ಯಗಳೇ ಆಗಬೇಕೆಂದೂ ಇಲ್ಲ. ತಾಲ್ಲೂಕು ಮಟ್ಟದ ಕಬಡ್ಡಿ ಪಂದ್ಯ, ಶಾಲೆಯ ಖೋ ಖೋ ತಂಡದ ಮೊದಲ ಗೆಲುವು, ಜಾತ್ರೆಯ ಜಂಗೀ ಕುಸ್ತಿ ಇವೂ ದಿನಗಳೇ. ಇವುಗಳಿಗೆ ಇಲಾಖೆ ಎಂದೂ ಚೀಟಿ ಹೊರಡಿಸಲಾರದು. ಆದ್ದರಿಂದಲೇ ಊರಿನವರು ಇವನ್ನು ಕಾಪಾಡಬೇಕು.

ಮಾಡುವ ಕ್ರಮ ಸರಳ. ಬಿಳಿಯ, ಗಟ್ಟಿ ಕಾಗದದ ಲಕೋಟೆಯನ್ನು ಆರಿಸಿ, ಮುದ್ರೆ ಸ್ಪಷ್ಟವಾಗಿ ಮೂಡಲೆಂದು ಒಳಗೆ ತೆಳುವಾದ ರಟ್ಟನ್ನು ಇಡಬೇಕು. ಎಡಬದಿಯಲ್ಲಿ ಘಟನೆಯ ಚಿತ್ರವನ್ನು ಮಕ್ಕಳೇ ಬರೆಯಬಹುದು. ಕೈಬರಹದ ಚಿತ್ರಕ್ಕೆ ಅಚ್ಚಿನದಕ್ಕಿಂತ ಹೆಚ್ಚಿನ ಸೊಗಸುಂಟು. ಅಂಚೆಯ ದರಕ್ಕೆ ಸರಿಯಾದ ಚೀಟಿಯನ್ನು ಬಲಮೂಲೆಯಲ್ಲಿ ಅಂಟಿಸಿ, ಸುತ್ತ ಮುದ್ರೆಗೆ ಜಾಗ ಬಿಡಬೇಕು. ಪೆಟ್ಟಿಗೆಗೆ ಹಾಕುವ ಬದಲು ಕಚೇರಿಗೆ ಹೋಗಿ, ಜನಸಂದಣಿ ಇಲ್ಲದ ಹೊತ್ತಿನಲ್ಲಿ, ಮುದ್ರೆಯನ್ನು ಸ್ಫುಟವಾಗಿ ಒತ್ತಿಕೊಡುವಂತೆ ವಿನಯದಿಂದ ಕೇಳಿಕೊಳ್ಳಬೇಕು. ಹಿಂದಿನ ತಾರೀಖು ಹಾಕಿಕೊಡಿರೆಂದು ಮಾತ್ರ ಯಾರನ್ನೂ ಕೇಳಕೂಡದು. ಅದು ಅಪರಾಧಕ್ಕೆ ಹೇತುವಾಗುವುದಲ್ಲದೆ ಹವ್ಯಾಸದ ಬೇರನ್ನೇ ಕೊಯ್ಯುತ್ತದೆ.

ಇಲಾಖೆಯ ಪ್ರಥಮ ದಿನದ ಲಕೋಟೆಗಳು, ವಿಶೇಷ ಲಕೋಟೆಗಳು ಬೇಕೆಂಬುವರಿಗೆ ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಯಲ್ಲಿ ಸಂಗ್ರಾಹಕರಿಗೆಂದೇ ವಿಭಾಗವಿದೆ. ಠೇವಣಿ ಖಾತೆ ತೆರೆದರೆ ಹೊಸ ಚೀಟಿಗಳನ್ನು ಮನೆಗೇ ಕಳುಹಿಸುವ ಏರ್ಪಾಡೂ ಇದೆ. ಈ ಹವ್ಯಾಸದಲ್ಲಿ ಆಸಕ್ತಿ ತೋರುವ 6ರಿಂದ 9ನೆಯ ತರಗತಿಯ ವಿದ್ಯಾರ್ಥಿಗಳಿಗಾಗಿ 2017ರಲ್ಲಿ ದೀನ್ ದಯಾಳ್ ಸ್ಪರ್ಶ್ ಎಂಬ ವಿದ್ಯಾರ್ಥಿವೇತನ ಆರಂಭವಾಯಿತು. ಆಯ್ಕೆಯಾದವರಿಗೆ ವರ್ಷಕ್ಕೆ 6,000 ರೂಪಾಯಿ. ಇದರಿಂದ ಪಾಠಕ್ಕೆ ತೊಡಕೆಂದು ಗದರಿಸುವ ತಂದೆಯರ ಬಾಯಿಗೂ ಬೀಗ ಬಿದ್ದೀತು.

ಕಾಪಾಡುವ ಬಗೆ

ಕೂಡಿಸುವುದಕ್ಕಿಂತ ಕಾಪಾಡುವುದು ಕಷ್ಟ. ಹೊನ್ನಾಳಿ, ನ್ಯಾಮತಿಗಳಲ್ಲಿ ಮಳೆಗಾಲದ ತೇವ, ಜಗಳೂರಿನ ಬಯಲಿನಲ್ಲಿ ಬೇಸಗೆಯ ಧಗೆ; ಎರಡೂ ಕಾಗದಕ್ಕೆ ಶತ್ರುಗಳೇ. ಲಕೋಟೆಗಳನ್ನು ಗೋಡೆಗೆ ತಾಗದಂತೆ, ಬಿಸಿಲು ಬೀಳದಂತೆ ಇಡಬೇಕು. ಸೆಲೋಟೇಪನ್ನೂ ಗೋಂದನ್ನೂ ಹತ್ತಿರ ಸುಳಿಯಗೊಡಬಾರದು. ಲ್ಯಾಮಿನೇಷನ್ ಮಾಡಿಸಿದರೆ ಲಕೋಟೆ ಮತ್ತೆಂದೂ ಲಕೋಟೆಯಾಗದು. ತಿಂಗಳಿಗೊಮ್ಮೆ ಆಲ್ಬಮನ್ನು ಒಣಹವೆಯಲ್ಲಿ ತೆರೆದಿಟ್ಟರೆ ಬೂಷ್ಟು ಹಿಡಿಯದು, ಹುಳುವೂ ಸೇರದು.

ಎಲ್ಲಕ್ಕಿಂತ ಮುಖ್ಯವಾಗಿ, ಲಕೋಟೆ ಯಾರಿಂದ ಯಾರಿಗೆ ಬಂದಿತು, ಪೆಟ್ಟಿಗೆಗೆ ಹೇಗೆ ಸೇರಿತು ಎಂಬುದನ್ನು ಬೇರೊಂದು ಚೀಟಿಯಲ್ಲಿ ಬರೆದು ಜೊತೆಗಿಡಬೇಕು. ಮುದ್ರೆ ಊರನ್ನೂ ದಿನವನ್ನೂ ಹೇಳಬಲ್ಲುದು. ಅಜ್ಜಿ ಆ ಕಾಗದವನ್ನು ಏಕೆ ಕಾಯ್ದಿಟ್ಟರೆಂಬುದನ್ನು ಅಜ್ಜಿಯೇ ಹೇಳಬೇಕು. ಅವರು ಹೇಳುವಂತಿರುವಾಗಲೇ ಕೇಳಿ ಬರೆದುಕೊಳ್ಳುವುದು ಮೊಮ್ಮಕ್ಕಳ ಕರ್ತವ್ಯ.

ಮುದ್ರೆ ಮಾಸುವ ಮುನ್ನ

ಕಾಗದ ಬರೆಯುವವರು ಇಂದು ಅಪರೂಪ. ಸುದ್ದಿ ಫೋನಿನಲ್ಲಿ ಬರುತ್ತದೆ, ಲಗ್ನಪತ್ರಿಕೆಯೂ ಫೋನಿನಲ್ಲಿಯೇ ಬರುತ್ತದೆ. ಅಂಚೆಯಲ್ಲಿ ಬರುವ ಕಾಗದಗಳ ಮೇಲೆ ಬಣ್ಣದ ಚೀಟಿಯ ಬದಲು ಗೆರೆಗೆರೆಯ ಬಾರ್‌ಕೋಡ್ ಹೆಚ್ಚಾಗಿ ಕಾಣುತ್ತದೆ. ತಲೆಮಾರುಗಳಿಂದ ಮನೆಮಾತಾಗಿದ್ದ ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನೊಡನೆ ವಿಲೀನವಾಯಿತು. ಕಾಲದ ಈ ನಡೆಯನ್ನು ತಡೆಯುವುದು ಯಾರಿಂದಲೂ ಆಗದು. ತಡೆಯಬೇಕಾದ ಅಗತ್ಯವೂ ಇಲ್ಲ. ಆದರೆ ಊರಿನ ಹೆಸರು ಹೊತ್ತ ಆ ದುಂಡು ಮುದ್ರೆ ದಿನೇ ದಿನೇ ವಿರಳವಾಗುತ್ತಿರುವಾಗ, ಆಗಲೇ ಬಿದ್ದಿರುವ ಮುದ್ರೆಗಳನ್ನು ನಮ್ಮ ಕೈಯಾರೆ ಕತ್ತರಿಸಿ ಹಾಳುಮಾಡುವುದು ಬೇಡ.

ಮುಂದಿನ ದೀಪಾವಳಿಗೆ ತಗಡಿನ ಪೆಟ್ಟಿಗೆ ಕೆಳಗಿಳಿದಾಗ ಕತ್ತರಿಯನ್ನು ಪಕ್ಕಕ್ಕಿಡಿ. ಲಕೋಟೆಯನ್ನು ಬೆಳಕಿಗೆ ಹಿಡಿದು ಮುದ್ರೆಯನ್ನು ಓದಿರಿ. ಯಾವ ಊರು, ಯಾವ ದಿನ, ಆ ದಿನ ದೇಶದಲ್ಲಿ ಏನು ನಡೆದಿತ್ತು ಎಂದು ಮಕ್ಕಳನ್ನು ಕೇಳಿರಿ. ಚನ್ನಗಿರಿಯ ಒಂದು ಮುದ್ರೆಯಿಂದ ಹೊರಟ ಮಾತು ಓವಲ್ ಮೈದಾನದವರೆಗೂ, ಕೂಪರ್ಸ್‌ಟೌನಿನ ಬಯಲಿನವರೆಗೂ ಹೋಗಿ, ಮತ್ತೆ ಮನೆಯ ಜಗಲಿಗೇ ಮರಳೀತು. ಅಮೆರಿಕದ ಆ ಆಟದಲ್ಲಿಯೂ ಹೊರಟಲ್ಲಿಗೆ ಮರಳಿದವನಿಗೇ ಅಲ್ಲವೆ ಒಂದು ಓಟ ಸಲ್ಲುವುದು!